ಒಂದು ನ್ಯೂಟನ್ನಿಗೆ ಲಕ್ಷ ಡೈನ್

ಜಯಲತಾ ಟೀಚರಿಗೆ ಸಿಟ್ಟು ಬಂದರೆ ಮೊದಲು ಕನ್ನಡಕ ಕೆಳಗಿಳಿಯುತ್ತದೆ. ಮೂಗಿನ ತುದಿಯಲ್ಲಿ ನಿಂತ ಆ ಕನ್ನಡಕದ ಮೇಲಿಂದ ಅವರು ನೋಡತೊಡಗಿದರೆಂದರೆ ಎದುರಿಗಿರುವವರು ಯಾರೇ ಆಗಲಿ, ಒಂದು ಸಲ ಉಗುಳು ನುಂಗಲೇಬೇಕು. ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದ ಅವರ ಹೌಸಿಂಗ್ ಸೊಸೈಟಿಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಹಿಂದೊಮ್ಮೆ ಕಮಿಟಿಯ ಸೆಕ್ರೆಟರಿ ಬಾಗಿಲಿಗೆ ಬಂದು, ಮನೆಯಲ್ಲಿ ಟ್ಯೂಷನ್ ನಡೆಸುವಂತಿಲ್ಲ, ಮಕ್ಕಳು ಹತ್ತಿಳಿದು ಲಿಫ್ಟ್ ಹಾಳಾಗುತ್ತಿದೆ ಎಂದು ದಬಾಯಿಸಲು ನೋಡಿದ್ದ. 'ನನ್ನ ಮಕ್ಕಳು ಮೆಟ್ಟಿಲು ಹತ್ತಿ ಬರ್ತಾರೆ. ಲಿಫ್ಟ್ ಹಾಳು ಮಾಡ್ಲಿಕ್ಕೆ ನೀವು ಒಬ್ರೇ ಸಾಕು' ಎಂದು ಟೀಚರ್ ಅವನ ಹೊಟ್ಟೆಯನ್ನೇ ನೋಡಿಕೊಂಡು ಹೇಳಿದ್ದರು. ಆಮೇಲೆ ಟ್ಯೂಷನ್ನಿನ ಸುದ್ದಿಗೆ ಅವನು ಬರಲಿಲ್ಲ.

ಅವರ ಗಂಡ ತಾರಾನಾಥ ನವಿ ಮುಂಬಯಿಯ ಒಂದು ಕಂಪೆನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಸಾಧು ಮನುಷ್ಯ. 'ಇವಳನ್ನು ಮದುವೆಯಾದ ಮೇಲೆ ನನಗೆ ಬಾಸ್‌ನ ಹೆದರಿಕೆಯೇ ಹೋಯ್ತು ಮಾರಾಯ್ರೆ' ಎಂದು ಬಂದವರ ಮುಂದೆಲ್ಲ ನಗುತ್ತಾರೆ.

ಸಿಟ್ಟು ಹುಟ್ಟುಗುಣವೇ ಇರಬಹುದು. ಆದರೆ ಅದಕ್ಕೆ ಹದ ಬಂದದ್ದು ಪಕ್ಕದ ಊರು ಕಲ್ಯಾಣದಲ್ಲಿ. ಕಿನ್ನಿಗೋಳಿ ಕಡೆಯ ಹುಡುಗಿ, ಭೌತಶಾಸ್ತ್ರದ ಬಿ.ಎಸ್ಸಿ. ಕೈಯಲ್ಲಿ ಹಿಡಿದು ಮದುವೆಯಾಗಿ ಈ ಕಡೆ ಬಂದು, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅಲ್ಲಿನ ಒಂದು ಸಣ್ಣ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ವರ್ಷದ ಕೊನೆಗೆ ಹೆಡ್‌ಮಾಸ್ತರರು ಒಳಗೆ ಕರೆದು, ಒಂಬತ್ತನೆಯಲ್ಲಿ ಕೆಲವು ಮಕ್ಕಳ ಹೆಸರು ಹೇಳಿ, ಇವರ ವಿಜ್ಞಾನದ ಅಂಕ ಸ್ವಲ್ಪ ಇಳಿಸಿ ಎಂದರು. ಒಂಬತ್ತರಲ್ಲೇ ಸೋಸಿಬಿಟ್ಟರೆ ಹತ್ತರ ರಿಸಲ್ಟ್ ನೂರಕ್ಕೆ ನೂರು, ಗೇಟಿಗೆ ಬ್ಯಾನರು, ಮುಂದಿನ ವರ್ಷಕ್ಕೆ ಅಡ್ಮಿಷನ್ನಿನ ನೂಕುನುಗ್ಗಲು. 'ಸೋಸ್ಲಿಕ್ಕೆ ಮಕ್ಕಳೇನು ಚಾಪುಡಿಯಾ ಸರ್?' ಎಂದು ಕೇಳಿ ಟೀಚರ್ ಎದ್ದು ಬಂದರು. ಅಂಕ ಇಳಿಸಲಿಲ್ಲ, ರಾಜೀನಾಮೆ ಬರೆದು ಮೇಜಿನ ಮೇಲೆ ಒಗೆದರು. ಮತ್ತೆ ಯಾವ ಶಾಲೆಗೂ ಹೋಗಲಿಲ್ಲ. ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ, ಗೋಡೆಗೆ ಕರಿಹಲಗೆ ಹೊಡೆಸಿ, ಬೇರೆ ಕ್ಲಾಸಿನವರು ಬೇಡವೆಂದು ಬಿಟ್ಟ ಮಕ್ಕಳನ್ನೇ ಹುಡುಕಿ ಕೂರಿಸಿಕೊಂಡರು. ಜಾಣ ಮಕ್ಕಳು ಹೇಗೂ ಕಲಿಯುತ್ತವೆ, ಅವಕ್ಕೆ ನಾನೇಕೆ ಎಂಬುದು ಅವರ ಹಟ.

ಇಂಥವರ ಬಾಗಿಲಿಗೇ ವಿಮಲಾ ಆ ಫಾರ್ಮು ಹಿಡಿದುಕೊಂಡು ಬರಬೇಕೇ!

ಅದು ಎರಡು ಸಾವಿರದ ಹದಿನೇಳರ ಬೇಸಿಗೆ. ವಿಮಲಾ ಕೆಳಗಿನ ಮಹಡಿಯವರು. ಗಂಡ ವಾಸುವಿಗೆ ಠಾಣೆ ಊರಿನ ಕೋಪರಿಯಲ್ಲಿ ರೈಲ್ವೆ ಸ್ಟೇಷನ್ ಪಕ್ಕ ಸಣ್ಣದೊಂದು ಹೋಟೆಲು. ನಸುಕಿನ ಲೋಕಲಿಗೆ ಹೋದವರು ಕತ್ತಲಾದ ಮೇಲೆಯೇ ಮನೆಗೆ. ಒಬ್ಬಳೇ ಮಗಳು ದಿಶಾ, ಒಂಬತ್ತನೆಯಲ್ಲಿ ವಿಜ್ಞಾನದಲ್ಲಿ ಫೇಲಾಗಿದ್ದಳು.

'ಟೀಚರ್, ಇದನ್ನು ಸ್ವಲ್ಪ ಫಿಲ್ ಮಾಡಿ ಕೊಡ್ತೀರಾ? ಇವ್ರಿಗೆ ಟೈಮಿಲ್ಲ, ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ' ಎಂದರು ವಿಮಲಾ.

ಟೀಚರ್ ಕಾಗದ ನೋಡಿದರು. ಹದಿನೇಳು ನಂಬರ್ ಫಾರ್ಮು. ಶಾಲೆಯಿಂದ ಹೆಸರು ತೆಗೆಸಿಕೊಂಡು, ಹೊರಗಿನಿಂದ ಹತ್ತನೆಯ ಪರೀಕ್ಷೆ ಕಟ್ಟುವವರು ತುಂಬುವಂಥದ್ದು. ಕನ್ನಡಕ ಇಳಿಯಿತು.

'ಯಾರು ಕೊಟ್ಟದ್ದು ಇದನ್ನು?'

'ಮುಕ್ತಾ ಮೇಡಂ, ದಿಶಾನ ಶಾಲೆಯ ಹೆಡ್‌ಮಿಸ್ಟ್ರೆಸ್. ಒಳ್ಳೆ ಮನಸ್ಸಿನಲ್ಲೇ ಕೊಟ್ಟದ್ದು ಟೀಚರ್. ದಿಶಾಗೆ ಸೈನ್ಸ್ ಆಗುದಿಲ್ಲ, ಹೊರಗಿಂದ ಕಟ್ಟಲಿ, ವರ್ಷ ಹಾಳಾಗುದಿಲ್ಲ ಅಂದ್ರು.'

'ವರ್ಷ ಹಾಳಾಗುದಿಲ್ಲ, ಹೌದು. ಹುಡುಗಿ ಹಾಳಾಗ್ತಾಳೆ.'

ವಿಮಲಾರ ಮುಖ ಸಣ್ಣದಾಯಿತು. ಆದರೆ ಟೀಚರ್ ಸುಮ್ಮನೆ ಹೇಳಿದ್ದಲ್ಲ. ಈ ಫಾರ್ಮು ತುಂಬಿದ ಮಕ್ಕಳನ್ನು ಅವರು ಕಂಡವರು. ಹೋಗಲು ಶಾಲೆಯಿಲ್ಲ, ಕೂರಲು ಬೆಂಚಿಲ್ಲ, ಏಳು ಓದು ಎನ್ನುವವರಿಲ್ಲ. ಮೊದಲ ತಿಂಗಳು ಪುಸ್ತಕ ಹಿಡಿಯುತ್ತವೆ, ಆಮೇಲೆ ಅಂಗಡಿಗೋ ಹೋಟೆಲಿಗೋ ಕೈಯಾಸರೆಯಾಗಿ ನಿಂತುಬಿಡುತ್ತವೆ. ದಿಶಾ ಕೋಪರಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತುಕೊಂಡ ಚಿತ್ರ ಟೀಚರ ಕಣ್ಣಿಗೆ ಕಟ್ಟಿತು. ಆ ಹುಡುಗಿಯೋ, ಶಾಲೆಯ ಖೋ-ಖೋ ತಂಡದಲ್ಲಿ ಗಾಳಿಯ ಹಾಗೆ ಓಡುವವಳು. ಹತ್ತನೆಗೆ ಬಂದರೆ ಕ್ಯಾಪ್ಟನ್ ನಾನೇ ಎಂದು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಹೇಳುತ್ತಿದ್ದವಳು, ಈಗ ಅಮ್ಮನ ಬೆನ್ನ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು.

'ನಿನಗೆ ಶಾಲೆ ಬಿಡ್ಬೇಕಾ?' ಟೀಚರ್ ಕೇಳಿದರು.

'ನಹೀ,' ಎಂದಳು ದಿಶಾ. ಈ ಊರಲ್ಲೇ ಹುಟ್ಟಿದವಳು. ಕನ್ನಡ, ತುಳು ಎರಡೂ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಹೆಚ್ಚಾಗಿ ಹಿಂದಿ, ಮರಾಠಿ.

'ಹಾಗಾದ್ರೆ ಆಯ್ತು.'

ಮರುದಿನವೇ ಟೀಚರ್ ಸೀರೆಯ ಸೆರಗು ಸಿಕ್ಕಿಸಿಕೊಂಡು ಶಾಲೆಗೆ ನಡೆದರು. ಗೇಟಿನ ಮೇಲೆ ಬ್ಯಾನರು: ಸತತ ನೂರಕ್ಕೆ ನೂರು. ಮುಕ್ತಾ ಮೇಡಂ ಕೆಟ್ಟವರೇನಲ್ಲ. ಚಹಾ ತರಿಸಿದರು, ಫ್ಯಾನ್ ಜೋರು ಮಾಡಿಸಿದರು. ಆಮೇಲೆ ದಿಶಾಳ ಉತ್ತರಪತ್ರಿಕೆ ತೆಗೆದು ಎದುರಿಗಿಟ್ಟರು.

'ನೀವೇ ನೋಡಿ ಟೀಚರ್. ಪ್ರಶ್ನೆ ಏನು? ಒಂದು ಆಟಿಕೆ ಬಂಡಿಯ ಮೇಲೆ ಐದು ಸಾವಿರ ಡೈನ್ ಬಲ. ನ್ಯೂಟನ್ನಿನಲ್ಲಿ ಎಷ್ಟು? ಹುಡುಗಿ ಬರೆದದ್ದು ಐವತ್ತು ಕೋಟಿ ನ್ಯೂಟನ್!' ಮೇಡಂ ಮರಾಠಿಯಲ್ಲಿ ನಿಟ್ಟುಸಿರಿಟ್ಟರು. 'ಬಲ, ಕೆಲಸ, ಒತ್ತಡ, ಯಾವ ಲೆಕ್ಕ ತೆಗೆದರೂ ಸೂತ್ರ ಸರಿ, ಅಳತೆಯ ಮಾನ ಉಲ್ಟಾ. ಹೀಗಿದ್ದರೆ ಬೋರ್ಡಿನಲ್ಲಿ ಪಾಸಾಗ್ತಾಳಾ? ನನಗೂ ಟ್ರಸ್ಟಿಗಳಿದ್ದಾರೆ.'

ಐವತ್ತು ಕೋಟಿ ನ್ಯೂಟನ್ ಎಂದರೆ ಜನ ತುಂಬಿದ ಲೋಕಲುಗಳನ್ನು ಹತ್ತಾರು ಒಟ್ಟಿಗೆ ಹಳಿಯಿಂದ ಮೇಲೆತ್ತುವಷ್ಟು ಬಲ. ಆಟಿಕೆ ಬಂಡಿಯ ಗತಿ ನೆನೆದು ಟೀಚರಿಗೆ ನಗು ಬಂತು, ಸಿಟ್ಟೂ ಬಂತು. ಆದರೂ ಬಗ್ಗಲಿಲ್ಲ. ಫೇಲಾದ ಒಂಬತ್ತನೆಯವರಿಗೆ ಆ ವರ್ಷ ಜೂನಿನಲ್ಲಿ ಇನ್ನೊಂದು ಪರೀಕ್ಷೆ ಕೊಡಬೇಕೆಂದು ಸರಕಾರದ ಆದೇಶ ಆಗಿತ್ತು.

'ದಿಶಾ ಮರುಪರೀಕ್ಷೆ ಬರೀತಾಳೆ ಮೇಡಂ. ನಿಮ್ಮ ಫಾರ್ಮು ಖಾಲಿಯೇ ಇರ್ತದೆ,' ಎಂದು ಚಹಾ ಮುಟ್ಟದೆ ಎದ್ದರು.

ಹೇಳುವುದು ಸುಲಭ. ಕಲಿಸುವುದಲ್ಲವೇ ಕಷ್ಟ! ಹಾಲ್‌ನ ಚಾಪೆಯ ಮೇಲೆ ದಿಶಾಳನ್ನು ಕೂರಿಸಿ ಟೀಚರ್ ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದರು: ಒಂದು ನ್ಯೂಟನ್ ಅಂದರೆ ಒಂದು ಲಕ್ಷ ಡೈನ್. ಸಣ್ಣ ಮಾನದಿಂದ ದೊಡ್ಡ ಮಾನಕ್ಕೆ ಹೋಗುವಾಗ ಭಾಗಿಸು, ದೊಡ್ಡದರಿಂದ ಸಣ್ಣದಕ್ಕೆ ಬರುವಾಗ ಗುಣಿಸು. ದಿಶಾ ಗಿಳಿಯ ಹಾಗೆ ಒಪ್ಪಿಸಿದಳು. 'ಸಮಝ್ ಗಯೀ ಟೀಚರ್', ಅರ್ಥವಾಯಿತು, ಎಂದೂ ಹೇಳಿದಳು. ಲೆಕ್ಕ ಕೊಟ್ಟರೆ, ಮುನ್ನೂರು ಮಿಲಿನ್ಯೂಟನ್ನಿಗೆ ಮೂರು ಲಕ್ಷ ನ್ಯೂಟನ್ ಎಂದು ಬರೆದು ನಿರಾಳವಾಗಿ ಗೆರೆ ಎಳೆದಳು.

ಟೀಚರ್ ತಿದ್ದಿದರು. ಮತ್ತೆ ಕೊಟ್ಟರು. ಮತ್ತೆ ಅದೇ. ನಿಯಮವನ್ನು ಹಾಡು ಮಾಡಿ ಹೇಳಿಸಿದರು, ಗೋಡೆಗೆ ಅಂಟಿಸಿದರು, ಕೈಬೆರಳ ಮೇಲೆ ಕಲಿಸಿದರು. ಜಪ್ಪಯ್ಯ ಎಂದರೂ ಹುಡುಗಿಯ ಪೆನ್ನು ಸಣ್ಣದರಿಂದ ದೊಡ್ಡದಕ್ಕೆ ಹೊರಟ ಕೂಡಲೇ ಗುಣಿಸಿಯೇ ಬಿಡುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಟೀಚರ ತಾಳ್ಮೆ ಕಡಿದುಹೋಯಿತು. 'ನಿನ್ನ ತಲೆಯಲ್ಲಿ ಎಂಥ ಉಂಟು, ಇಡ್ಲಿ ಹಿಟ್ಟಾ?' ಎಂದು ಸೀಮೆಸುಣ್ಣದ ಕಡ್ಡಿ ಒಗೆದರು.

ದಿಶಾ ಅಳಲಿಲ್ಲ. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು. 'ಛೋಡ್ ದೋ ಟೀಚರ್. ಮೇರೇಸೇ ನಹೀ ಹೋಗಾ,' ಎಂದು, ನನ್ನಿಂದ ಇದಾಗುವುದಿಲ್ಲ ಬಿಟ್ಟುಬಿಡಿ ಎಂದು, ಮೆಟ್ಟಿಲಿಳಿದು ಹೋದಳು.

ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ವಿಚಾರಿಸಿದರೆ, ಹೋಟೆಲಿಗೆ ಹೋಗಲು ಶುರುಮಾಡಿದ್ದಾಳೆ, ಸೋಮವಾರ ಫಾರ್ಮಿಗೆ ಸಹಿ ಹಾಕಿ ಕೊಡುವುದೆಂದು ವಾಸು ಮೇಡಮ್ಮಿಗೆ ಮಾತು ಕೊಟ್ಟಿದ್ದಾರೆ ಎಂದರು ವಿಮಲಾ. ಜಯಲತಾ ಟೀಚರಿಗೆ ಅನ್ನ ಇಳಿಯಲಿಲ್ಲ. ಮಾತು ಕೊಡಲು ಇವನು ಯಾರು ಎಂದು ವಾಸುವಿನ ಮೇಲೆ ಉರಿದರು, ಸೀಮೆಸುಣ್ಣದ ಕಡ್ಡಿ ಒಗೆದ ತನ್ನ ಕೈಯ ಮೇಲೂ ಉರಿದರು. 'ನಾಳೆ ಭಾನುವಾರ, ಮೆಗಾಬ್ಲಾಕ್ ಉಂಟು, ಹಳಿ ರಿಪೇರಿಗೆ ಅರ್ಧ ಲೋಕಲ್ ಬಂದ್ ಮಾರಾಯ್ತಿ' ಎಂದು ತಾರಾನಾಥ ನೆನಪಿಸಿದರೆ, 'ಇದ್ರೆ ಇರ್ಲಿ, ನಡ್ಕೊಂಡಾದ್ರೂ ಹೋಗ್ತೇನೆ' ಎಂದರು.

ನಡೆಯಬೇಕಾಗಿ ಬರಲಿಲ್ಲ. ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಒಂಟಿಕಾಲಲ್ಲಿ ನಿಂತು ಬೆವರಿ ಬಸವಳಿದು ಠಾಣೆಯಲ್ಲಿ ಇಳಿದು ವಾಸುವಿನ ಹೋಟೆಲು ಮುಟ್ಟಿದಾಗ ಅಲ್ಲಿ ಮಧ್ಯಾಹ್ನದ ಊಟದ ತಯಾರಿ ಜೋರಾಗಿತ್ತು.

'ಎಂಥ ಟೀಚರ್, ಇಷ್ಟು ದೂರ? ಬನ್ನಿ, ಬನ್ನಿ, ಒಳಗೆ ಕೂತ್ಕೊಳ್ಳಿ,' ಎಂದು ವಾಸು ಗಲ್ಲಾ ಬಿಟ್ಟು ಎದ್ದು ಬಂದರು. ಗಿರಾಕಿಗಳು ತುಂಬಿದ್ದರಿಂದ ಟೀಚರನ್ನು ಕೂರಿಸಲು ಜಾಗ ಸಿಕ್ಕಿದ್ದು ಅಡುಗೆಮನೆಯ ಬಾಗಿಲಲ್ಲಿ, ಒಂದು ಸ್ಟೂಲಿನ ಮೇಲೆ. ಜಗಳಕ್ಕೆಂದು ಬಾಯಿ ತೆರೆದ ಟೀಚರ್ ಅಲ್ಲಿ ಕಿವಿಗೆ ಬಿದ್ದ ಮಾತಿಗೆ ಹಾಗೆಯೇ ಕೂತುಬಿಟ್ಟರು.

'ದಿಶಾ! ಇವತ್ತು ಅರವತ್ತು ಮನೆ! ಕೊತ್ತಂಬರಿ ಹುಡಿ ಎಷ್ಟು?' ಎಂದು ಒಲೆಯ ಮುಂದಿನಿಂದ ಕೂಗಿದವರು ಅಡುಗೆಯ ಶಿವರಾಯ.

'ಡೇಢ್ ಸೌ ಚಮ್ಮಚ್!' ದಿಶಾ ತೆಂಗಿನಕಾಯಿ ತುರಿಯುತ್ತಲೇ ನೂರೈವತ್ತೆಂದು ಉತ್ತರ ಕೊಟ್ಟಳು. ಕ್ಷಣವೂ ಹಿಡಿಯಲಿಲ್ಲ.

'ಹುಳಿ?'

ಅದಕ್ಕೂ ತಟ್ಟನೆ ಉತ್ತರ.

'ಅರವತ್ತು ಮನೆ ಅಂದ್ರೆ ಎಂಥದು ವಾಸಣ್ಣ?' ಟೀಚರ್ ಕೇಳಿದರು.

ವಾಸುವಿಗೆ ನಾಚಿಕೆ. 'ಅದು ನಮ್ಮ ಅಡಿಗೆಮನೆಯ ಲೆಕ್ಕ ಟೀಚರ್. ಊರಲ್ಲಿ ನಮ್ಮ ಅಮ್ಮ ಮನೆಗೆ ಸಾಂಬಾರ್ ಮಾಡುವ ಅಳತೆ ಉಂಟಲ್ಲ, ಅದು ಒಂದು ಮನೆ. ಉಳಿದ ದಿನ ನಲ್ವತ್ತು ಮನೆ, ಭಾನುವಾರ ಅರವತ್ತು. ಎಲ್ಲವನ್ನೂ ಅಷ್ಟರಿಂದ ಗುಣಿಸುದು. ದಿಶಾ ಸಣ್ಣ ಇರುವಾಗ್ಲೇ ರಜೆಯಲ್ಲಿ ಬಂದು ಕಲ್ತದ್ದು, ನಮಗಿಂತ ಫಾಸ್ಟ್.'

ಟೀಚರ್ ಸ್ಟೂಲಿನಿಂದ ಎದ್ದರು. ಅಡುಗೆಮನೆಯ ಹೊಗೆಯಲ್ಲಿ ನೇರ ದಿಶಾಳ ಮುಂದೆ ಹೋಗಿ ನಿಂತರು.

'ಸಣ್ಣ ಅಳತೆಯಿಂದ ದೊಡ್ಡ ಅಳತೆಗೆ ಹೋಗುವಾಗ ನೀನು ಎಂಥ ಮಾಡಿದಿ?'

'ಮಲ್ಟಿಪ್ಲೈ.' ದಿಶಾ ತಲೆಯೆತ್ತಲಿಲ್ಲ. 'ಹಮೇಶಾ ಮಲ್ಟಿಪ್ಲೈ. ನಹೀ ತೋ ಸಾಂಬಾರ್ ಪಾನೀ ಹೋ ಜಾಯೇಗಾ.' ಗುಣಿಸದಿದ್ದರೆ ಸಾಂಬಾರ್ ನೀರಾಗುತ್ತದೆ, ಇದೂ ಗೊತ್ತಿಲ್ಲವೇ ಎಂಬಂತಿತ್ತು ಅವಳ ದನಿ.

ಅಯ್ಯೋ ದೇವರೇ! ಇಷ್ಟು ದಿನ ಟೀಚರ್ ಭಾಗಿಸು ಭಾಗಿಸು ಎಂದು ಗಂಟಲು ಹರಿದುಕೊಂಡದ್ದು, ಹುಟ್ಟಿದಾಗಿನಿಂದ ಸಣ್ಣದರಿಂದ ದೊಡ್ಡದಕ್ಕೆ ಗುಣಿಸಿಯೇ ಊರಿಗೆ ಉಣಬಡಿಸಿದ ಹುಡುಗಿಗೆ. ಅವಳ ತಲೆಯಲ್ಲಿ ಇದ್ದದ್ದು ಇಡ್ಲಿ ಹಿಟ್ಟಲ್ಲ. ಪಕ್ಕಾ ಲೆಕ್ಕ ಇತ್ತು, ಆದರೆ ಅದು ಬೇರೆ ಲೆಕ್ಕ. ಟೀಚರಿಗೆ ನಾಚಿಕೆಯಾಯಿತು. ಅದನ್ನು ತೋರಿಸಿಕೊಳ್ಳಲು ಪುರುಸೊತ್ತಿರಲಿಲ್ಲ.

'ಶಿವರಾಯರೇ, ಆ ಬಡಿಸುವ ಸಣ್ಣ ಸೌಟು ಕೊಡಿ. ಹಂಡೆಯ ದೊಡ್ಡದನ್ನೂ ಕೊಡಿ.'

ಶಿವರಾಯ ಮುಖ ಮುಖ ನೋಡುತ್ತ ಕೊಟ್ಟರು. ಟೀಚರ್ ಒಂದು ಪಾತ್ರೆಯನ್ನು ದಿಶಾಳ ಮುಂದಿಟ್ಟು, ಸಣ್ಣ ಸೌಟಿನಿಂದ ಬೆಳಗ್ಗಿನ ಸಾಂಬಾರ್ ತುಂಬಿಸು, ಎಣಿಸು ಎಂದರು. ಅವಳು ಎಣಿಸಿದಳು, ಇಪ್ಪತ್ತಾಯಿತು. ಹಂಡೆಗೆ ಸುರಿದು, ಈಗ ದೊಡ್ಡ ಸೌಟಿನಿಂದ ತುಂಬಿಸು ಎಂದರು. ನಾಲ್ಕಕ್ಕೇ ಪಾತ್ರೆ ತುಂಬಿತು.

'ಸಾಂಬಾರ್ ಹೆಚ್ಚಾಯ್ತಾ?'

'ನಹೀ.'

'ಕಡಿಮೆ ಆಯ್ತಾ?'

'ನಹೀ.'

'ಮತ್ತೆ ಇಪ್ಪತ್ತು ಹೋಗಿ ನಾಲ್ಕು ಯಾಕಾಯ್ತು?'

ದಿಶಾ ಎರಡೂ ಸೌಟುಗಳನ್ನು ನೋಡಿದಳು. ಕೈ ನಿಂತಿತು.

'ಹೋಟೆಲಿನಲ್ಲಿ ನೀನು ಗುಣಿಸುವಾಗ ಸಾಂಬಾರೇ ಹೆಚ್ಚಾಗ್ತದೆ, ಹಾಗಾಗಿ ಗುಣಿಸುದು ಸರಿ. ನಾನು ಹೇಳುವ ಲೆಕ್ಕದಲ್ಲಿ ಸಾಂಬಾರ್ ಇದ್ದಷ್ಟೇ ಇರ್ತದೆ, ಸೌಟು ಮಾತ್ರ ಬದಲಾಗುದು. ಡೈನ್ ಅಂದ್ರೆ ಸಣ್ಣ ಸೌಟು. ನ್ಯೂಟನ್ ದೊಡ್ಡ ಸೌಟು, ಲಕ್ಷ ಸಣ್ಣ ಸೌಟು ಹಿಡಿಯುವಷ್ಟು ದೊಡ್ಡದು.' ಟೀಚರ್ ಸಾಸಿವೆ ಡಬ್ಬಿಯಿಂದ ಒಂದು ಕಾಳು ತೆಗೆದು ಅವಳ ಅಂಗೈಗೆ ಹಾಕಿದರು. 'ಇದು ಕೈಯನ್ನು ಕೆಳಗೆ ಒತ್ತುವ ಬಲ ಎರಡೋ ಮೂರೋ ಡೈನ್.' ಇನ್ನೊಂದು ಅಂಗೈಗೆ ಎರಡು ಇಡ್ಲಿ ಇಟ್ಟರು. 'ಇದು ಹತ್ತಿರ ಹತ್ತಿರ ಒಂದು ನ್ಯೂಟನ್. ಈಗ ಹೇಳು, ಐದು ಸಾವಿರ ಡೈನ್ ಅಂದ್ರೆ ಎಷ್ಟು ನ್ಯೂಟನ್?'

ದಿಶಾ ಒಂದು ಕೈಯ ಸಾಸಿವೆ ನೋಡಿದಳು, ಇನ್ನೊಂದು ಕೈಯ ಇಡ್ಲಿ ನೋಡಿದಳು. ತುಟಿ ಅಲ್ಲಾಡಿತು. 'ಒಂದು ಕೂಡಾ ಆಗುದಿಲ್ಲ... ಝೀರೋ ಪಾಯಿಂಟ್ ಝೀರೋ ಫೈವ್.' ಮರುಕ್ಷಣ ಅವಳ ಮುಖ ಕೆಂಪೇರಿತು. 'ಪೆಹಲೇ ಕ್ಯೂಂ ನಹೀ ಬತಾಯಾ ಐಸಾ?'

ಮೊದಲೇ ಹೀಗೇಕೆ ಹೇಳಲಿಲ್ಲ! ಹುಡುಗಿ ಟೀಚರ ಮೇಲೆಯೇ ಸಿಟ್ಟಾಗಿದ್ದಳು. 'ನನಗೇ ಈಗ ಗೊತ್ತಾದದ್ದು ಮಗಾ,' ಎಂದರು. ದಿಶಾಳ ಸಿಟ್ಟು ಅವರಿಗೆ ಬಹಳ ಹಿಡಿಸಿತು.

ವಾಸು ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. 'ಆದ್ರೂ ಟೀಚರ್, ನಾಳೆ ಫಾರ್ಮು ಕೊಡ್ತೇನೆ ಅಂತ ಮೇಡಮ್ಮಿಗೆ ಹೇಳಿ ಆಗಿದೆ. ದೊಡ್ಡವರ ಎದುರು ಹೇಗೆ...'

'ಕೊಡುದಿಲ್ಲ ಅಂತ ಹೇಳಿ. ಹೇಳ್ಲಿಕ್ಕೆ ನಾಚಿಕೆ ಆದ್ರೆ ನನ್ನ ಹೆಸರು ಹೇಳಿ. ನನ್ನ ಹೆಸರು ಕೆಟ್ಟು ಎಷ್ಟೋ ವರ್ಷ ಆಯ್ತು.'

ಆಮೇಲಿನದ್ದು ಓಟ. ದಿಶಾ ಬೆಳಗ್ಗೆಯೂ ಬಂದಳು, ಸಂಜೆಯೂ ಬಂದಳು. ಡೈನಿನಿಂದ ನ್ಯೂಟನ್ನಿಗೆ, ಮಿಲಿನ್ಯೂಟನ್ನಿನಿಂದ ಡೈನಿಗೆ, ಕಿಲೋನ್ಯೂಟನ್ನಿನಿಂದ ನ್ಯೂಟನ್ನಿಗೆ. ಪ್ರತಿ ಲೆಕ್ಕಕ್ಕೂ ಮೊದಲು, ಸಾಂಬಾರ್ ಅಷ್ಟೇ ಉಂಟಾ, ಸೌಟು ಯಾವುದು ಎಂದು ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದಳು. ಬಲದ ಲೆಕ್ಕ ನೆಟ್ಟಗಾದದ್ದೇ ಕೆಲಸದ್ದು, ಒತ್ತಡದ್ದು ತಾವಾಗಿ ದಾರಿಗೆ ಬಂದವು. ಉಳಿದ ಮಕ್ಕಳೂ ಸೌಟು ಸೌಟು ಎನ್ನತೊಡಗಿದಾಗ ತಾರಾನಾಥ, 'ನಮ್ಮನೆಯಲ್ಲಿ ಕ್ಲಾಸಾ, ಕ್ಯಾಂಟೀನಾ?' ಎಂದು ತಮಾಷೆ ಮಾಡಿದರು.

ಜೂನಿನ ಮೊದಲ ಮಳೆಗೆ ಮರುಪರೀಕ್ಷೆ ಮುಗಿಯಿತು. ದಿಶಾ ಪಾಸಾದಳು. ಭರ್ಜರಿ ಅಂಕವೇನಲ್ಲ, ಪಾಸು ಅಷ್ಟೇ. ವಿಮಲಾ ಸಕ್ಕರೆ ಡಬ್ಬಿ ಹಿಡಿದು ಮೇಲೆ ಓಡಿ ಬಂದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬ್ಯಾನರ್ ಎಂಬುದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಮುಕ್ತಾ ಮೇಡಂ ವಾಸುವನ್ನು ಕರೆಸಿದರು. ವಾಸು ಒಬ್ಬರೇ ಹೋಗಲು ಅಂಜಿ ಟೀಚರನ್ನು ಜೊತೆಗೆ ಕರೆದರು. ಯೂನಿಫಾರ್ಮ್ ಹಾಕಿಕೊಂಡ ದಿಶಾ ಅಪ್ಪನ ಪಕ್ಕ ನಿಂತಿದ್ದಳು.

'ಪಾಸೇನೋ ಆಗಿದ್ದಾಳೆ, ಅಭಿನಂದನೆ,' ಎಂದರು ಮೇಡಂ. 'ಆದರೆ ಇದು ಅಂಚಿನ ಪಾಸು. ಹತ್ತನೆ ಎಂದರೆ ಬೋರ್ಡು. ಇವಳೊಬ್ಬಳಿಂದ ಶಾಲೆಯ ಹೆಸರು ಹೋಗುವುದು ಬೇಡ ಎಂದು ಟ್ರಸ್ಟಿಗಳ ಅಭಿಪ್ರಾಯ. ನಾನು ಬಲವಂತ ಮಾಡುವ ಹಾಗಿಲ್ಲ. ನೀವೇ ಸ್ವಂತ ಇಚ್ಛೆಯಿಂದ ಬರೆದುಕೊಟ್ಟರೆ ಎಲ್ಲರಿಗೂ ಒಳ್ಳೆಯದು.' ಗಾಜಿನ ಮೇಜಿನ ಮೇಲೆ ಹದಿನೇಳು ನಂಬರ್ ಫಾರ್ಮನ್ನು ಮೆಲ್ಲಗೆ ವಾಸುವಿನ ಕಡೆಗೆ ಸರಿಸಿದರು.

ವಾಸುವಿನ ಕೈ ತನ್ನಷ್ಟಕ್ಕೆ ಜೇಬಿನ ಪೆನ್ನಿಗೆ ಹೋಯಿತು. ಜನ್ಮವಿಡೀ ಎದುರಿಗೆ ಕೂತವರಿಗೆ ಬೇಕಾದ್ದನ್ನು ತಂದಿಡುವುದೇ ಅಭ್ಯಾಸವಾದ ಮನುಷ್ಯ, ಇಲ್ಲ ಎನ್ನುವುದು ಬಾಯಿಗೆ ಬರುವುದೇ ಇಲ್ಲ. ಜಯಲತಾ ಟೀಚರ ಕನ್ನಡಕ ಮೂಗಿನ ತುದಿಗೆ ಬಂತು. ಕಲ್ಯಾಣದ ಹೆಡ್‌ಮಾಸ್ತರರಿಗೆ ಹೇಳದೆ ಉಳಿದಿದ್ದ ಮಾತುಗಳೆಲ್ಲ ಒಟ್ಟಿಗೆ ಗಂಟಲಿಗೆ ನುಗ್ಗಿದವು. ಬಾಯಿ ತೆರೆದರು.

ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಮುಂದೆ ಬಂತು. ದಿಶಾ ಒಂದೇ ಬೆರಳನ್ನು ಆ ಕಾಗದದ ಮೇಲಿಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ದೂಡಿದಳು. ಅದು ಗಾಜಿನ ಮೇಲೆ ಜಾರುತ್ತ ಹೋಗಿ ಮೇಡಮ್ಮಿನ ಚಹಾ ಕಪ್ಪಿಗೆ ತಾಗಿ ನಿಂತಿತು.

'ನಕೋ ಮ್ಯಾಡಂ. ಮೀ ಇಥೇಚ್ ಬಸಣಾರ,' ಎಂದಳು. ಬೇಡ ಮೇಡಂ, ನಾನು ಇಲ್ಲೇ ಕೂರುವವಳು.

'ಹತ್ತರಲ್ಲಿ ಫೇಲಾದರೆ?' ಮೇಡಮ್ಮಿನ ದನಿ ಗಡುಸಾಯಿತು.

'ನಾಪಾಸ್ ಝಾಲೇ ತರ್ ಇಥೇಚ್ ಹೋಯೀನ್.' ಫೇಲಾದರೆ ಇಲ್ಲೇ ಫೇಲಾಗುತ್ತೇನೆ. ಕಣ್ಣು ಕೆಳಗಿಳಿಯಲಿಲ್ಲ.

ಟೀಚರ್ ತೆರೆದ ಬಾಯಿ ಮುಚ್ಚಿದರು. ಕನ್ನಡಕವನ್ನು ಮೇಲೆ ಸರಿಸಿ ಕುರ್ಚಿಗೆ ಒರಗಿದರು. ವಾಸು ಮಗಳನ್ನು ನೋಡಿದರು, ಮೇಡಮ್ಮನ್ನು ನೋಡಿದರು, ಪೆನ್ನನ್ನು ವಾಪಸ್ಸು ಜೇಬಿಗೆ ಸಿಕ್ಕಿಸಿಕೊಂಡರು. ಮುಕ್ತಾ ಮೇಡಂ ಫಾರ್ಮನ್ನು ಡ್ರಾಯರಿಗೆ ಹಾಕಿ, 'ಜಾ, ವರ್ಗಾತ್ ಬಸ್' ಎಂದರು. ಹೋಗು, ಕ್ಲಾಸಿನಲ್ಲಿ ಕೂತುಕೋ.

ಕ್ಲಾಸಿಗೆ ಹೋಗುವ ಮೊದಲು ದಿಶಾ ಗೇಟಿನವರೆಗೆ ಬಂದಳು. ಮಳೆ ಬಿಟ್ಟ ಅಂಗಳದಲ್ಲಿ ಖೋ-ಖೋ ಗೆರೆಗಳು ಅಳಿಸಿಹೋಗಿದ್ದವು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

'ಟೀಚರ್, ಆ ಕಾಗದ ದೂಡ್ಲಿಕ್ಕೆ ಎಷ್ಟು ಫೋರ್ಸ್ ಬೇಕಾಯ್ತು?'

ಟೀಚರ್ ಕಾಗದದ ತೂಕ, ಗಾಜಿನ ನುಣುಪು ಎಲ್ಲ ಅಂದಾಜು ಮಾಡಿದರು. 'ಎಷ್ಟೂ ಇಲ್ಲ ಮಾರಾಯ್ತಿ. ಝೀರೋ ಪಾಯಿಂಟ್ ಝೀರೋ ಟೂ ನ್ಯೂಟನ್ ಇರಬಹುದು.'

'ಅಷ್ಟೇಯಾ?' ಎಂದರು ವಾಸು. ಅವರಿಗೆ ಅನ್ಯಾಯವಾದ ಹಾಗಾಯಿತು. ಅವರು ಕಂಡದ್ದು ಅಷ್ಟು ಸಣ್ಣದಾಗಿರಲಿಲ್ಲ.

ದಿಶಾಳ ತುಟಿ ಒಂದು ಸಲ ಅಲ್ಲಾಡಿತು.

'ಎರಡು ಸಾವಿರ, ಪಪ್ಪಾ,' ಎಂದಳು. 'ಸಣ್ಣ ಸೌಟಿನಲ್ಲಿ.'